ಯುರೋಪ್ ನಮ್ಮ ಮಾವಿಗೆ ಬಾಗಿಲು ಹಾಕಿದ್ದು, ಒಂಬತ್ತು ತಿಂಗಳಲ್ಲಿ ತೆಗೆದಿದ್ದು

ಶ್ರೀನಿವಾಸಪುರದ ಹತ್ತಿರ ನಮ್ಮ ದೊಡ್ಡಪ್ಪನ ಮಾವಿನ ತೋಪಿದೆ. ಚಿಕ್ಕವನಿದ್ದಾಗ ಅಲ್ಲಿ ಒಂದು ಬಾದಾಮಿ ಹಣ್ಣು ಎತ್ತಿಕೊಂಡು ಇನ್ನೇನು ಕಚ್ಚಬೇಕು, ದೊಡ್ಡಪ್ಪ ಕೈ ಹಿಡಿದು ನಿಲ್ಲಿಸಿದರು. "ತಡಿ ಮಗಾ, ಇಲ್ಲಿ ನೋಡು" ಅಂತ ಸಿಪ್ಪೆ ಮೇಲಿನ ಒಂದು ಗುರುತು ತೋರಿಸಿದರು. ಗುಂಡುಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣದು. ಸುತ್ತ ಸ್ವಲ್ಪ ಕಂದು ಬಣ್ಣ, ಒತ್ತಿದರೆ ಒಂದು ಹನಿ ರಸ. ಮಿಕ್ಕ ಹಣ್ಣೆಲ್ಲಾ ಚಿನ್ನದ ಹಾಗೆ ಹೊಳೆಯುತ್ತಿತ್ತು. ಚಾಕು ತಗೊಂಡು ಸೀಳಿದರು. ಒಳಗೆ ತಿರುಳು ಕೊಳೆತು ನೀರಾಗಿತ್ತು, ಅದರಲ್ಲಿ ಅಕ್ಕಿಕಾಳಿನಂಥ ಬಿಳಿ ಹುಳುಗಳು ಮಿಸುಕಾಡುತ್ತಿದ್ದವು. ಒಂದನ್ನು ಚಾಕುವಿನ ತುದಿಯಲ್ಲಿ ತೆಗೆದು ಕಲ್ಲಿನ ಮೇಲೆ ಬಿಟ್ಟರು. ಅದು ಬಿಲ್ಲಿನ ಹಾಗೆ ಬಾಗಿ ಚಂಗನೆ ಆಚೆಗೆ ಜಿಗಿಯಿತು. ನಮ್ಮ ಕಡೆ ಇದಕ್ಕೆ ಊಜಿ ಅಂತಾರೆ. ಪುಸ್ತಕದಲ್ಲಿ ಹಣ್ಣು ನೊಣ.

2014ರ ಮೇ ತಿಂಗಳಲ್ಲಿ ಯುರೋಪ್ ಭಾರತದ ಮಾವನ್ನು ನಿಷೇಧಿಸಿದೆ ಅಂತ ಟಿವಿಯಲ್ಲಿ ಬಂದಾಗ ನನಗೆ ಮೊದಲು ನೆನಪಾಗಿದ್ದು ಆ ಚುಚ್ಚುಗುರುತು. ಸುತ್ತಮುತ್ತ ಎಲ್ಲರೂ "ಬಿಳಿಯರಿಗೆ ನಮ್ಮ ಹಣ್ಣು ಕಂಡರೆ ಹೊಟ್ಟೆಕಿಚ್ಚು" ಅಂತಲೋ, "ಔಷಧಿ ಜಾಸ್ತಿ ಹೊಡೆದಿದ್ದಾರೆ, ಅದಕ್ಕೇ" ಅಂತಲೋ ಮಾತಾಡುತ್ತಿದ್ದರು. ಎರಡೂ ನಿಜವಲ್ಲ. ಆಗಿದ್ದೇನು, ಯಾಕಾಯಿತು, ಹೇಗೆ ಬಗೆಹರಿಯಿತು ಅನ್ನೋದನ್ನು ಮೊದಲಿಂದ ಹೇಳುತ್ತೇನೆ. ಮಾವು ಬೆಳೆಯೋರು, ಕಳಿಸೋರು, ಆ ಕೆಲಸಕ್ಕೆ ಇಳಿಯಬೇಕು ಅಂತಿರೋ ಹುಡುಗರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು ಅನ್ನೋದು ನನ್ನ ಆಸೆ.

ಬಾಗಿಲು ಹಾಕಿದ್ದು

2014ರ ಮಾರ್ಚ್ 26ರಂದು ಯುರೋಪಿಯನ್ ಒಕ್ಕೂಟದ ಸಸ್ಯ ಆರೋಗ್ಯ ಸಮಿತಿ ಒಂದು ತುರ್ತು ಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಏಪ್ರಿಲ್ 24ಕ್ಕೆ ಅದು ಆದೇಶವಾಯಿತು. ಮೇ 1ರಿಂದ ಭಾರತದ ಐದು ಪದಾರ್ಥ ಯುರೋಪಿನ ಒಳಗೆ ಬರುವ ಹಾಗಿಲ್ಲ. ಮಾವು, ಬದನೆಕಾಯಿ, ಹಾಗಲಕಾಯಿ, ಪಡವಲಕಾಯಿ, ಕೆಸುವಿನ ಎಲೆ. 2015ರ ಕೊನೆಯವರೆಗೆ ಇದು ಜಾರಿಯಲ್ಲಿರುತ್ತೆ ಅಂತ ಬರೆದಿದ್ದರು.

ಕೊಟ್ಟ ಕಾರಣ ನೇರವಾಗಿತ್ತು. 2013ರ ಒಂದೇ ವರ್ಷದಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಗಳ 207 ಸರಕುಗಳಲ್ಲಿ ಹಣ್ಣು ನೊಣ ಮತ್ತು ಬೇರೆ ನಿರ್ಬಂಧಿತ ಕೀಟಗಳು ಸಿಕ್ಕಿದ್ದವು. ಈ ಐದು ಪದಾರ್ಥ ಸೇರಿಸಿದರೂ ಭಾರತದಿಂದ ಯುರೋಪಿಗೆ ಹೋಗುವ ತಾಜಾ ಹಣ್ಣು ತರಕಾರಿಯಲ್ಲಿ ಶೇಕಡ 5ಕ್ಕಿಂತ ಕಡಿಮೆ. ಅಂದರೆ ಎಲ್ಲದಕ್ಕೂ ಬಾಗಿಲು ಹಾಕಲಿಲ್ಲ. ಹುಳ ಜಾಸ್ತಿ ಸಿಕ್ಕ ಪದಾರ್ಥಗಳನ್ನು ಮಾತ್ರ ಆರಿಸಿ ತೆಗೆದರು.

ಮೇ 1 ಅಂದರೆ ಕೊಂಕಣದ ಆಪೂಸ್ ಹಣ್ಣಿನ ಭರಾಟೆ ಕಾಲ. ವರ್ಷಕ್ಕೆ ಸುಮಾರು 1.6 ಕೋಟಿ ಹಣ್ಣು ಬ್ರಿಟನ್ ಒಂದಕ್ಕೇ ಹೋಗುತ್ತಿತ್ತು, ಅಲ್ಲಿ ಅದು ಸುಮಾರು 60 ಲಕ್ಷ ಪೌಂಡಿನ ವ್ಯಾಪಾರ. ರತ್ನಾಗಿರಿ, ದೇವಗಡ ಕಡೆಯ ಬೆಳೆಗಾರರು ಆ ವರ್ಷ ಹಣ್ಣನ್ನು ಮುಂಬೈ, ಪುಣೆ ಮಾರುಕಟ್ಟೆಗೆ ತಿರುಗಿಸಬೇಕಾಯಿತು. ಬ್ರಿಟನ್ನಿನ ಲೆಸ್ಟರ್ ಊರಿನ ಭಾರತೀಯ ಅಂಗಡಿಗಳಲ್ಲಿ ವರ್ಷದ ಒಳ್ಳೇ ವ್ಯಾಪಾರ ಕೈತಪ್ಪಿತು. ಅಲ್ಲಿನ ಸಂಸದ ಕೀತ್ ವಾಜ್ ನಿಷೇಧ ತೆಗೆಯಿರಿ ಅಂತ ಅಭಿಯಾನವನ್ನೇ ನಡೆಸಿದರು. ಮಾವಿನ ಗಲಾಟೆಯಲ್ಲಿ ಕೆಸುವಿನ ಎಲೆ ಯಾರ ಕಣ್ಣಿಗೂ ಬೀಳಲಿಲ್ಲ. ಲಂಡನ್ ಕಡೆ ಇರುವ ಮಂಗಳೂರು, ಉಡುಪಿಯವರಿಗೆ ಊರಿನ ಎಲೆಯಲ್ಲಿ ಪತ್ರೊಡೆ ಮಾಡುವ ದಾರಿಯೂ ಅವತ್ತೇ ಮುಚ್ಚಿತು ಅಲ್ವಾ. ಮಳೆಗಾಲದಲ್ಲಿ ಪತ್ರೊಡೆ ಇಲ್ಲ ಅಂದರೆ ಕರಾವಳಿಯವರಿಗೆ ಅದು ಸಣ್ಣ ವಿಷಯ ಅಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಾವಿನ ತಿರುಳಿಗೆ, ಅಂದರೆ ಡಬ್ಬಿಯಲ್ಲಿ ಹೋಗುವ ಪಲ್ಪ್‌ಗೆ ಈ ನಿಷೇಧ ತಗುಲಲಿಲ್ಲ. ಕಾಯಿಸಿ ಮುಚ್ಚಿದ ಡಬ್ಬಿಯಲ್ಲಿ ನೊಣದ ಮೊಟ್ಟೆ ಬದುಕಿರೋದಿಲ್ಲ. ಕೋಲಾರದ ತೋತಾಪುರಿ ಹೆಚ್ಚಾಗಿ ಹೋಗೋದು ಪಲ್ಪ್ ಫ್ಯಾಕ್ಟರಿಗೇ, ಹಾಗಾಗಿ ನಮ್ಮೂರಿಗೆ ಪೆಟ್ಟು ಕೊಂಕಣದಷ್ಟು ನೇರವಾಗಿ ಬೀಳಲಿಲ್ಲ. ಇಷ್ಟು ಸಾಕು, ನಿಷೇಧ ಇದ್ದಿದ್ದು ಮಾವಿನ ಮೇಲಲ್ಲ, ಅದರೊಳಗೆ ಜೀವಂತ ಹೋಗುತ್ತಿದ್ದ ನೊಣದ ಮೇಲೆ ಅಂತ ಗೊತ್ತಾಗೋಕೆ.

ಒಂದು ನೊಣಕ್ಕೆ ಇಷ್ಟು ಹೆದರಿಕೆಯಾ?

ಹೆದರಬೇಕಾದ ನೊಣವೇ ಅದು. ಹೆಣ್ಣು ನೊಣ ಬಾಲದ ತುದಿಯ ಸೂಜಿಯಂಥ ಕೊಳವೆಯಿಂದ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ಒಂದೆರಡು ದಿನಕ್ಕೆ ಮೊಟ್ಟೆ ಒಡೆದು ಹುಳ ಬರುತ್ತೆ, ವಾರದಷ್ಟು ಕಾಲ ತಿರುಳು ತಿನ್ನುತ್ತೆ, ಆಮೇಲೆ ಹಣ್ಣಿಂದ ಇಳಿದು ಮಣ್ಣಿಗೆ ಹೋಗಿ ಕೋಶ ಕಟ್ಟುತ್ತೆ, ಅಲ್ಲಿಂದ ಮತ್ತೆ ನೊಣ. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮಾವು ಮಾತ್ರ ಅಲ್ಲ, ಸೀಬೆ, ಸಪೋಟ, ಕಿತ್ತಳೆ, ಪೀಚ್, ಯಾವುದಾದರೂ ಆದೀತು.

ತೋಟದಲ್ಲಿ ಕಿತ್ತ ಕಾಯಿಗೆ ನಿನ್ನೆ ಮೊನ್ನೆ ಚುಚ್ಚಿದ್ದರೆ ಯಾರ ಕಣ್ಣಿಗೂ ಕಾಣೋದಿಲ್ಲ. ಆಯೋರಿಗೂ ಕಾಣಲ್ಲ, ಪೆಟ್ಟಿಗೆಗೆ ತುಂಬೋರಿಗೂ ಕಾಣಲ್ಲ. ವಿಮಾನ ಇಳಿದು, ಅಂಗಡಿ ಸೇರಿ, ಹಣ್ಣಾಗುವ ಹೊತ್ತಿಗೆ ಒಳಗೆ ಹುಳ ತಯಾರಾಗಿರುತ್ತೆ. ಯಾರೋ ಕೆಟ್ಟ ಹಣ್ಣು ಅಂತ ಹಿತ್ತಲಿಗೆ ಎಸೆದರೆ ಮುಗೀತು, ಮಣ್ಣು ಸಿಕ್ಕಿತು.

ಇದು ಬರೀ ಊಹೆ ಅಲ್ಲ. 2003ರಲ್ಲಿ ಇದೇ ಏಷ್ಯಾದ ಹಣ್ಣು ನೊಣ ಆಫ್ರಿಕಾದ ಕೀನ್ಯಾದಲ್ಲಿ ಮೊದಲ ಸಲ ಕಾಣಿಸಿತು. ಅದನ್ನು ಹೊಸ ಜಾತಿ ಅಂದುಕೊಂಡು ವಿಜ್ಞಾನಿಗಳು ಬೇರೆ ಹೆಸರನ್ನೂ ಇಟ್ಟಿದ್ದರು, ಎಷ್ಟೋ ವರ್ಷದ ಮೇಲೆ ಎರಡೂ ಒಂದೇ ಅಂತ ಗೊತ್ತಾಯಿತು. ಅಷ್ಟರಲ್ಲಿ ಅದು ಆಫ್ರಿಕಾದ ದೇಶ ದೇಶಕ್ಕೂ ಹರಡಿಯಾಗಿತ್ತು. ಇಟಲಿ, ಸ್ಪೇನ್, ಗ್ರೀಸ್‌ನ ಕಿತ್ತಳೆ ಪೀಚ್ ಬೆಳೆಗಾರರು ಅದನ್ನು ನೋಡುತ್ತಾ ಕೂತಿದ್ದರು. ಅವರ ಭಯ ಸುಳ್ಳಾಗಲೂ ಇಲ್ಲ, 2018ರಲ್ಲಿ ಇಟಲಿಯ ಕಂಪಾನಿಯಾ ಪ್ರದೇಶದ ಬಲೆಗಳಲ್ಲಿ ಈ ನೊಣ ಸಿಕ್ಕಿತು.

ಬ್ರಿಟನ್ನಿನ ಅಂಗಡಿಯವರು ಆಗ ಒಂದು ಪ್ರಶ್ನೆ ಕೇಳುತ್ತಿದ್ದರು, ಅದರಲ್ಲೂ ನ್ಯಾಯ ಇದೆ. ನಮ್ಮ ಚಳಿಯಲ್ಲಿ ಮಾವಿನ ನೊಣ ಬದುಕೋದೇ ಇಲ್ಲ, ನಮಗ್ಯಾಕೆ ಶಿಕ್ಷೆ ಅಂತ. ಆದರೆ ಆಗ ಬ್ರಿಟನ್ ಕೂಡ ಒಕ್ಕೂಟದ ಒಳಗಿತ್ತು. 28 ದೇಶಕ್ಕೆ ಒಂದೇ ಮಾರುಕಟ್ಟೆ, ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ ಪೆಟ್ಟಿಗೆ ನಾಳೆ ಇಟಲಿಯ ಸಿಸಿಲಿಗೂ ಹೋಗಬಹುದು. ಬ್ರಿಟನ್ ಸರ್ಕಾರಕ್ಕೆ ತನ್ನದೇ ಬೇರೆ ಭಯವೂ ಇತ್ತು. ತರಕಾರಿ ಜೊತೆ ಬರುವ ಬಿಳಿ ನೊಣ ಅಲ್ಲಿನ ಗಾಜಿನ ಮನೆಗಳ ಟೊಮೆಟೊ, ಸೌತೆಕಾಯಿಗೆ ರೋಗ ಹತ್ತಿಸುತ್ತೆ ಅನ್ನೋದು.

ಕೆಟ್ಟಿದ್ದು ಹಣ್ಣಲ್ಲ, ಸಹಿ

ನನ್ನ ಪ್ರಕಾರ ಈ ಇಡೀ ಪ್ರಕರಣದ ತಿರುಳು ಇಲ್ಲಿದೆ.

ತಾಜಾ ಮಾವಿನ ಪೆಟ್ಟಿಗೆ ದೇಶ ದಾಟಬೇಕಾದರೆ ಜೊತೆಗೆ ಒಂದು ಸಸ್ಯ ಆರೋಗ್ಯ ಪ್ರಮಾಣಪತ್ರ ಹೋಗಬೇಕು. ರಫ್ತುದಾರರು ಸುಮ್ನೆ "ಫೈಟೋ" ಅಂತಾರೆ. ಫೈಟೋ ಆಯ್ತಾ, ಫೈಟೋ ಬಂತಾ ಅಂತಲೇ ಅವರ ದಿನ ನಡೆಯೋದು. ಅದನ್ನು ವ್ಯಾಪಾರಿ ಬರೆಯೋ ಹಾಗಿಲ್ಲ, ಸರ್ಕಾರದ ಸಸ್ಯ ಸಂರಕ್ಷಣಾ ಅಧಿಕಾರಿ ಬರೆಯಬೇಕು. ಭಾರತ ಸರ್ಕಾರದ ಅಧಿಕಾರಿ ಬ್ರಿಟನ್ ಸರ್ಕಾರದ ಅಧಿಕಾರಿಗೆ ಬರೆಯುವ ಪತ್ರ ಅದು. ನಾನು ಈ ಸರಕನ್ನು ನೋಡಿದ್ದೇನೆ, ನೀವು ಬೇಡ ಅಂದಿರುವ ಕೀಟ ಇದರಲ್ಲಿ ಇಲ್ಲ, ಇಷ್ಟೇ ಅದರ ಅರ್ಥ. 1951ರಲ್ಲಿ ಆದ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ಈ ಪತ್ರಕ್ಕೆ ಬುನಾದಿ. ಲಂಡನ್ನಿನಲ್ಲಿ ಕೂತವರು ರತ್ನಾಗಿರಿಗೆ ಬಂದು ಪ್ರತಿ ಮರ ನೋಡೋಕಾಗಲ್ಲ, ನಾವು ಹೋಗಿ ಅವರ ಸೇಬಿನ ತೋಟ ನೋಡೋಕಾಗಲ್ಲ. ಹಾಗಾಗಿ ಒಬ್ಬರ ಸಹಿಯನ್ನು ಇನ್ನೊಬ್ಬರು ನಂಬುತ್ತಾರೆ. ಅಂತರರಾಷ್ಟ್ರೀಯ ಸಹಕಾರ ಅಂತ ದೊಡ್ಡದಾಗಿ ಹೇಳ್ತಾರಲ್ಲ, ಅದು ಕೊನೆಗೆ ಬಂದು ನಿಲ್ಲೋದು ಈ ಒಂದು ಕಾಗದದ ಮೇಲೆ.

ಸಹಿ ಸುಳ್ಳಾದರೆ ಏನಾಗುತ್ತೆ? ಯುರೋಪಿನ ಯಾವ ಬಂದರಿನಲ್ಲಿ ಹುಳ ಸಿಕ್ಕರೂ ಅದು ಅವರೆಲ್ಲರ ಒಂದೇ ದಾಖಲೆಗೆ ಸೇರುತ್ತೆ, ಕಳಿಸಿದ ದೇಶಕ್ಕೆ ಸೂಚನೆ ಹೋಗುತ್ತೆ. ಒಂದು ಸಲ, ಎರಡು ಸಲ ಆದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಹಣ್ಣು ಅಂದಮೇಲೆ ಹುಳ ಇದ್ದಿದ್ದೇ. ಆದರೆ ಪತ್ರ ಹುಳ ಇಲ್ಲ ಅನ್ನುತ್ತೆ, ಪೆಟ್ಟಿಗೆ ಬಿಚ್ಚಿದರೆ ಹುಳ ಇರುತ್ತೆ, ಹೀಗೇ ವರ್ಷ ಪೂರ್ತಿ ನಡೆದರೆ ಎದುರಿನವರು ಕೇಳುವ ಪ್ರಶ್ನೆ ಬದಲಾಗುತ್ತೆ. ಈ ಹಣ್ಣಿನಲ್ಲಿ ಹುಳ ಇದೆಯಾ ಅಂತ ಕೇಳಲ್ಲ, ನಿಮ್ಮ ಅಧಿಕಾರಿ ನಿಜವಾಗಿ ಪೆಟ್ಟಿಗೆ ನೋಡಿಯೇ ಸಹಿ ಹಾಕಿದರಾ ಅಂತ ಕೇಳುತ್ತಾರೆ. 2014ರಲ್ಲಿ ಯುರೋಪ್ ಕೇಳಿದ್ದು ಇದನ್ನೇ. ಅವರ ಪರಿಶೀಲನಾ ತಂಡದವರು ನಮ್ಮ ರಫ್ತು ಪ್ರಮಾಣೀಕರಣದಲ್ಲಿ ತೂತುಗಳಿವೆ ಅಂತ ಮೊದಲೇ ಹೇಳಿದ್ದರು. ನಾವು ತಡ ಮಾಡಿದೆವು. ಇದನ್ನು ಬರೆಯೋಕೆ ನನಗೆ ನೋವಾಗುತ್ತೆ, ಆದರೆ ತಪ್ಪು ನಮ್ಮ ಕಡೆಯೇ ಜಾಸ್ತಿ ಇತ್ತು.

ಈ ತಪ್ಪಿನಲ್ಲಿ ಶಿಕ್ಷೆ ಯಾರಿಗೆ ಬಿತ್ತು ನೋಡಿ. ತೋಟ ಚೊಕ್ಕಟವಾಗಿ ಇಟ್ಟುಕೊಂಡು, ಬಲೆ ಕಟ್ಟಿ, ಒಂದೊಂದು ಹಣ್ಣೂ ಆಯ್ದು ಕಳಿಸಿದವರ ಪೆಟ್ಟಿಗೆಗೂ ಅದೇ ಸಹಿ, ಮಂಡಿಯಲ್ಲಿ ಸಿಕ್ಕಿದ್ದನ್ನೆಲ್ಲಾ ತುಂಬಿ ಸಂಜೆ ವಿಮಾನಕ್ಕೆ ಹತ್ತಿಸಿದವರ ಪೆಟ್ಟಿಗೆಗೂ ಅದೇ ಸಹಿ. ಹುಳ ಯಾರ ತೋಟದ್ದು ಅಂತ ಹಿಂದಕ್ಕೆ ಹೋಗಿ ಹುಡುಕುವ ದಾರಿ ಗಟ್ಟಿ ಇರಲಿಲ್ಲ. ದಾರಿ ಇಲ್ಲ ಅಂದಮೇಲೆ ಎದುರಿನವರು ಇಡೀ ದೇಶಕ್ಕೇ ಬಾಗಿಲು ಹಾಕುತ್ತಾರೆ.

ಜಗಳವೋ, ರಿಪೇರಿಯೋ

ನಿಷೇಧ ಬಂದಾಗ ದೆಹಲಿಯಿಂದ ಮೊದಲು ಕೇಳಿಬಂದಿದ್ದು ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗುತ್ತೇವೆ ಅನ್ನುವ ಮಾತು. ಹೋಗುವ ಹಕ್ಕು ಇತ್ತು. ಆ ಸಂಸ್ಥೆಯಲ್ಲಿ ಎಸ್‌ಪಿಎಸ್ ಅಂತ ಒಂದು ಒಪ್ಪಂದ ಇದೆ, ಆಹಾರ, ಪ್ರಾಣಿ, ಗಿಡಗಳ ಆರೋಗ್ಯದ ನಿಯಮಗಳಿಗೆ ಸಂಬಂಧಿಸಿದ್ದು. 1995ರ ಜನವರಿ 1ರಿಂದ ಜಾರಿಯಲ್ಲಿರುವ ಅದು ಹೇಳೋದು ಇಷ್ಟು. ಪ್ರತಿ ದೇಶಕ್ಕೂ ತನ್ನ ಜನರ, ಪ್ರಾಣಿಗಳ, ಗಿಡಗಳ ಆರೋಗ್ಯ ಕಾಪಾಡಿಕೊಳ್ಳುವ ಹಕ್ಕಿದೆ. ಆದರೆ ಅದಕ್ಕೆ ವಿಜ್ಞಾನದ ಆಧಾರ ಇರಬೇಕು, ಬೇಕಾದ್ದಕ್ಕಿಂತ ಜಾಸ್ತಿ ಅಡ್ಡಿ ಮಾಡುವ ಹಾಗಿಲ್ಲ, ಸ್ವದೇಶಿ ವ್ಯಾಪಾರಕ್ಕೆ ಗುರಾಣಿ ಮಾಡಿಕೊಳ್ಳುವ ಹಾಗಿಲ್ಲ. ಅಳತೆಗೋಲು ಕೊಡೋಕೆ ಮೂರು ಸಂಸ್ಥೆ ಇವೆ. ಆಹಾರಕ್ಕೆ ಕೋಡೆಕ್ಸ್, ಪ್ರಾಣಿಗಳಿಗೆ ಪ್ಯಾರಿಸ್‌ನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ಗಿಡಗಳಿಗೆ ಆಗಲೇ ಹೇಳಿದ ಸಸ್ಯ ಸಂರಕ್ಷಣಾ ಒಪ್ಪಂದ. ಭಾರತ ಜಿನೀವಾದ ಎಸ್‌ಪಿಎಸ್ ಸಮಿತಿಯಲ್ಲಿ ಈ ವಿಷಯ ಎತ್ತಿತು ಕೂಡ. ಅದು ಸರಿ. ಆ ಸಮಿತಿ ಇರೋದೇ ಎದುರಾಬದುರು ಕೂತು ಕೇಳೋಕೆ.

ಆದರೆ ದಾವೆ ಹೂಡಿದ್ದರೆ? ಅದೇ ವರ್ಷ ನಮ್ಮದೇ ಒಂದು ಉದಾಹರಣೆ ನಡೆಯುತ್ತಿತ್ತು. ಹಕ್ಕಿಜ್ವರದ ಭಯಕ್ಕೆ ಭಾರತ ಅಮೆರಿಕದ ಕೋಳಿಮಾಂಸ ಬೇಡ ಅಂದಿತ್ತು. ಅಮೆರಿಕ 2012ರಲ್ಲಿ ದೂರು ಕೊಟ್ಟಿತು. ಅಲ್ಲಿ ನಾವಿದ್ದದ್ದು ಬಾಗಿಲು ಹಾಕಿದವರ ಜಾಗದಲ್ಲಿ. ತೀರ್ಪು ಬಂದಿದ್ದು 2014ರ ಅಕ್ಟೋಬರ್‌ನಲ್ಲಿ, ಮೇಲ್ಮನವಿ ಮುಗಿದಿದ್ದು 2015ರ ಜೂನ್‌ನಲ್ಲಿ. ಸೋತಿದ್ದು ನಾವು. ಒಂದು ರಾಜ್ಯದಲ್ಲಿ ರೋಗ ಬಂದರೆ ಇಡೀ ದೇಶದ ಕೋಳಿಗೆ ಬಾಗಿಲು ಹಾಕುವ ಹಾಗಿಲ್ಲ, ರೋಗ ಇಲ್ಲದ ಪ್ರದೇಶವನ್ನು ಬೇರೆ ಮಾಡಿ ನೋಡಬೇಕು ಅಂತ ಹೇಳಿದರು. ಮೂರು ವರ್ಷಕ್ಕೂ ಮೇಲೆ ಹಿಡಿಯಿತು. ಮೂರು ವರ್ಷ ಅಂದರೆ ಮೂರು ಮಾವಿನ ಸುಗ್ಗಿ. ಆ ಹೊತ್ತಿಗೆ ಪಾಕಿಸ್ತಾನದ ಹಣ್ಣೋ ಇನ್ಯಾವುದೋ ನಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು.

ನಮ್ಮವರು ಒಳ್ಳೇ ಕೆಲಸ ಮಾಡಿದರು, ರಿಪೇರಿಗೆ ಇಳಿದರು. ನಿಷೇಧ ಜಾರಿಗೆ ಬರುವ ಮೊದಲೇ, 2014ರ ಏಪ್ರಿಲ್ 1ರಿಂದ, ಯುರೋಪಿಗೆ ಹೋಗುವ ಹಣ್ಣು ತರಕಾರಿ ಅಪೇಡಾ, ಅಂದರೆ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ, ಒಪ್ಪಿದ ಪ್ಯಾಕ್‌ಹೌಸ್ (ಹಣ್ಣು ಆಯ್ದು ಪೆಟ್ಟಿಗೆಗೆ ತುಂಬುವ ಜಾಗ) ಮೂಲಕವೇ ಹೋಗಬೇಕು, ಅಲ್ಲೇ ಸಸ್ಯ ಕ್ವಾರಂಟೈನ್ ಅಧಿಕಾರಿಯ ಎದುರಿಗೇ ತಪಾಸಣೆ ಆಗಬೇಕು ಅಂತ ನಿಯಮ ಮಾಡಿದರು. ಕೇಳೋಕೆ ಸಣ್ಣ ಬದಲಾವಣೆ ಅನ್ನಿಸುತ್ತೆ. ಅಲ್ಲ. ವಿಮಾನ ನಿಲ್ದಾಣದ ಗಡಿಬಿಡಿಯಲ್ಲಿ, ಕಟ್ಟಿ ಮುಗಿದ ಪೆಟ್ಟಿಗೆಗಳ ರಾಶಿಯಿಂದ ನಾಲ್ಕು ಬಿಚ್ಚಿ ನೋಡೋದಕ್ಕೂ, ಬೆಳಕು ಚೆನ್ನಾಗಿರುವ ಮೇಜಿನ ಮೇಲೆ ಹಣ್ಣು ಹರಡಿ, ಅನುಮಾನ ಬಂದದ್ದನ್ನು ಸೀಳಿ ನೋಡೋದಕ್ಕೂ ಅಜಗಜಾಂತರ. ಪ್ಯಾಕ್‌ಹೌಸ್ ಒಳಗೆ ಬಂದ ಕ್ರೇಟ್ ಯಾವ ತೋಟದ್ದು ಅನ್ನೋದನ್ನೂ ಬರೆದಿಡಬೇಕು. ನೊಣ ಒಳಗೆ ಬರದ ಹಾಗೆ ಬಾಗಿಲು ಕಿಟಕಿಗೆ ಜಾಲರಿ ಇರಬೇಕು. ಕಷ್ಟಪಟ್ಟು ಚೊಕ್ಕಟ ಮಾಡಿದ ಹಣ್ಣಿಗೆ ಅಲ್ಲೇ ಹೊಸ ನೊಣ ಕೂತರೆ ಎಲ್ಲಾ ನೀರುಪಾಲು.

2014ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ತಂಡ ಬಂದು ಇದನ್ನೆಲ್ಲಾ ಕಣ್ಣಾರೆ ನೋಡಿತು. ದೊಡ್ಡ ಸುಧಾರಣೆ ಆಗಿದೆ ಅಂತ ವರದಿ ಕೊಟ್ಟಿತು. 2015ರ ಜನವರಿ 20ರಂದು ಸಮಿತಿ ಮಾವಿನ ಮೇಲಿನ ನಿಷೇಧ ತೆಗೆಯೋಕೆ ಮತ ಹಾಕಿತು, ಫೆಬ್ರವರಿಯಲ್ಲಿ ಆದೇಶ ಆಯಿತು. ಅವರೇ ಇಟ್ಟುಕೊಂಡಿದ್ದ ಗಡುವಿಗೆ ಸುಮಾರು ಒಂದು ವರ್ಷ ಮೊದಲು. ಹಾಗಲ, ಬದನೆ, ಪಡವಲ ಇನ್ನೂ ಬಹಳ ದಿನ ಕಾಯಬೇಕಾಯಿತು. ಮಾವಿಗೆ ಬಿಸಿನೀರಿನಲ್ಲಿ ಮುಳುಗಿಸಿ ಹುಳ ಸಾಯಿಸುವ ದಾರಿ ಇತ್ತು, ಹಾಗಲಕಾಯಿಯನ್ನು ಹಾಗೆ ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಅದು ಮಾರೋಕೆ ಉಳಿಯಲ್ಲ ಅಲ್ವಾ.

48 ಡಿಗ್ರಿ, 60 ನಿಮಿಷ

ಬಿಸಿನೀರಿನ ಉಪಚಾರವನ್ನು ನಾನು ಒಂದು ಪ್ಯಾಕ್‌ಹೌಸ್‌ನಲ್ಲಿ ನಿಂತು ನೋಡಿದ್ದೇನೆ. ಸ್ಟೀಲ್ ತೊಟ್ಟಿ, ಅದರೊಳಗೆ ಪ್ಲಾಸ್ಟಿಕ್ ಕ್ರೇಟ್‌ಗಳಲ್ಲಿ ಮಾವು ಪೂರ್ತಿ ಮುಳುಗಿರುತ್ತೆ. ನೀರು 48 ಡಿಗ್ರಿ ಸೆಲ್ಸಿಯಸ್, ಹೊತ್ತು 60 ನಿಮಿಷ. ಕೈ ಇಟ್ಟರೆ ಸ್ನಾನದ ನೀರಿಗಿಂತ ಬಿಸಿ, ತುಂಬಾ ಹೊತ್ತು ಇಡೋಕಾಗಲ್ಲ. ಮಾವು ತಡೆದುಕೊಳ್ಳುತ್ತೆ, ಒಳಗಿನ ಮೊಟ್ಟೆ, ಹುಳ ತಡೆದುಕೊಳ್ಳಲ್ಲ. ಎರಡರ ನಡುವೆ ಇರುವ ಅಂತರ ಬಹಳ ಸಣ್ಣದು, ವಿಜ್ಞಾನಿಗಳು ವರ್ಷಗಟ್ಟಲೆ ಕೂತು ಹುಡುಕಿದ್ದು ಅದನ್ನೇ. ನೀರಿನ ಬಿಸಿ ಇಳಿದರೆ ಹುಳ ಉಳಿಯಬಹುದು. ಜಾಸ್ತಿ ಏರಿದರೆ ಸಿಪ್ಪೆ ಬೆಂದ ಹಾಗಾಗುತ್ತೆ. ಅದಕ್ಕೇ ಅಲ್ಲಿದ್ದ ಹುಡುಗಿ ಒಂದು ಗಂಟೆ ಪೂರ್ತಿ ಆ ತಾಪಮಾನದ ಪರದೆಯ ಮುಂದಿಂದ ಕದಲಲಿಲ್ಲ. ಮಧ್ಯೆ ಟೀ ಬಂತು, ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಅಂಕಿ ಬರೆಯುತ್ತಲೇ ಇದ್ದಳು. ಲಂಡನ್ನಿನ ಅಧಿಕಾರಿ ನಂಬೋದು ಆ ಹುಡುಗಿಯ ಪುಸ್ತಕವನ್ನು.

ಬಲಿತ ಗಟ್ಟಿ ಕಾಯಿಯನ್ನೇ ಹಾಕಬೇಕು. ಹಣ್ಣಾಗೋಕೆ ಶುರುವಾದದ್ದನ್ನು ಹಾಕಿದರೆ ಕೆಡುತ್ತೆ. ತೊಟ್ಟಿನ ಸೊನೆ ಸಿಪ್ಪೆ ಮೇಲೆ ಒಣಗಿದ್ದರೆ ಬಿಸಿಗೆ ಅಲ್ಲಿ ಕಪ್ಪು ಕಲೆ ಎದ್ದು ಕಾಣುತ್ತೆ. ಹಾಗಾಗಿ ತೋಟದಲ್ಲೇ ತೊಟ್ಟು ಉಳಿಸಿಕೊಂಡು ಕತ್ತರಿಸಿ, ಆಮೇಲೆ ಕಾಯಿ ಬೋರಲು ಹಾಕಿ ಸೊನೆ ಇಳಿಸಬೇಕು. ಅಂದರೆ ಯುರೋಪಿನ ನಿಯಮ ಕೊನೆಗೆ ಬಂದು ಮುಟ್ಟೋದು ಕಾಯಿ ಕೀಳುವ ಕೂಲಿಯವರ ಕೈಯನ್ನು. ಬಿಸಿನೀರಿಂದ ಆಪೂಸ್‌ನ ಬಣ್ಣ, ರುಚಿ ಕೆಡುತ್ತೆ ಅಂತ ಕೊಂಕಣದ ಬೆಳೆಗಾರರು ದೂರಿದ್ದೂ ಉಂಟು. ಆಪೂಸ್ ಬಹಳ ನಾಜೂಕಿನ ಹಣ್ಣು, ಆ ದೂರನ್ನು ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ.

ಬಿಸಿ ಆವಿಯದ್ದು ಇನ್ನೊಂದು ದಾರಿ. ಜಪಾನ್ ಸುಮಾರು 20 ವರ್ಷ ನಮ್ಮ ಮಾವು ಬೇಡ ಅಂದಿತ್ತು. 2006ರಲ್ಲಿ ಒಪ್ಪಿಕೊಂಡಿತು, 47.5 ಡಿಗ್ರಿ ಆವಿಯಲ್ಲಿ 20 ನಿಮಿಷ ಅನ್ನೋದು ಷರತ್ತು, ಅವರ ಇನ್‌ಸ್ಪೆಕ್ಟರ್ ಇಲ್ಲಿಗೇ ಬಂದು ನೋಡುತ್ತಾರೆ. ಅಮೆರಿಕ ಕೇಳೋದು ವಿಕಿರಣ. ಅವರಿಗೆ ಹಣ್ಣು ನೊಣದ ಜೊತೆ ಓಟೆ ಹುಳದ ಭಯವೂ ಇದೆ. ಓಟೆಯ ಒಳಗೆ ಅಡಗಿ ಕೂರುವ ಆ ಹುಳಕ್ಕೆ 400 ಗ್ರೇ ಪ್ರಮಾಣದ ವಿಕಿರಣ ಕೊಡಬೇಕು. ಸುಮಾರು 18 ವರ್ಷದ ನಿಷೇಧದ ಮೇಲೆ 2007ರ ಏಪ್ರಿಲ್‌ನಲ್ಲಿ ಮೊದಲ ಪೆಟ್ಟಿಗೆಗಳು ಅಮೆರಿಕಕ್ಕೆ ಹೋದವು. ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಆಮೇಲೆ ಒಂದು ವಿಕಿರಣ ಘಟಕ ಆಯಿತು, ಅಲ್ಲಿಂದ ಮಾವು ಅಮೆರಿಕಕ್ಕೆ ಹೋಗುತ್ತೆ. ಒಂದೇ ನೊಣ, ಮೂರು ಕಡೆಗೆ ಮೂರು ಉಪಚಾರ. ಸಣ್ಣ ರಫ್ತುದಾರರಿಗೆ ಇದು ದೊಡ್ಡ ಹೊರೆ. ಒಂದೇ ಉಪಚಾರವನ್ನು ಎಲ್ಲರೂ ಒಪ್ಪಿಕೊಳ್ಳುವ ಹಾಗಾದರೆ ಎಷ್ಟು ಹಗುರವಾಗುತ್ತೆ! ಎಸ್‌ಪಿಎಸ್ ಒಪ್ಪಂದದಲ್ಲೇ ಅದಕ್ಕೆ ಜಾಗ ಇದೆ. ನಿಮ್ಮ ದಾರಿ ಬೇರೆಯಾದರೂ ಅಷ್ಟೇ ಭದ್ರ ಅಂತ ತೋರಿಸಿದರೆ ಒಪ್ಪಬೇಕು ಅಂತ ಅದು ಹೇಳುತ್ತೆ. ಅದನ್ನು ನಾವು ಇನ್ನೂ ಒತ್ತಿ ಕೇಳಬೇಕು.

ಕಾಗದದ ವಿಷಯಕ್ಕೆ ಮತ್ತೆ ಬಂದರೆ, 2025ರ ಮೇ ತಿಂಗಳಲ್ಲಿ ನವಿ ಮುಂಬೈನ ಘಟಕದಲ್ಲಿ ವಿಕಿರಣ ಮುಗಿಸಿಕೊಂಡು ಹೋದ ಸುಮಾರು 15 ಸರಕುಗಳನ್ನು ಅಮೆರಿಕ ತನ್ನ ವಿಮಾನ ನಿಲ್ದಾಣಗಳಲ್ಲಿ ತಡೆಯಿತು. ಹುಳ ಇತ್ತು ಅಂತಲ್ಲ, ಉಪಚಾರದ ದಾಖಲೆ ಸರಿಯಿಲ್ಲ ಅಂತ. ವಾಪಸ್ ತಗೊಳ್ಳಿ ಇಲ್ಲಾ ನಾಶ ಮಾಡಿ ಅಂದರು. ಆ ಹಣ್ಣನ್ನು ವಾಪಸ್ ತರೋ ಖರ್ಚು ಯಾರು ಹಾಕ್ತಾರೆ? ಅಲ್ಲೇ ನಾಶ ಮಾಡಿದರು. ಒಳ್ಳೇ ಹಣ್ಣು. ಕೇಳಿ ಹೊಟ್ಟೆ ಉರಿಯಿತು.

ಕೀನ್ಯಾ ಯಾಕೆ ಇಷ್ಟು ಕಾದಿತು

ಅದೇ ನೊಣದಿಂದ ಕೀನ್ಯಾ ಕೂಡ ಯುರೋಪಿಗೆ ಮಾವು ಕಳಿಸೋದನ್ನು ತಾನೇ ನಿಲ್ಲಿಸಿತ್ತು. ಅವರು ಹೊರಗಿನವರು ನಿಷೇಧಿಸುವವರೆಗೆ ಕಾಯಲಿಲ್ಲ, ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಆದರೆ ಮತ್ತೆ ಶುರುವಾಗಿದ್ದು 2021ರಲ್ಲಿ. ಭಾರತಕ್ಕೆ ಒಂಬತ್ತು ತಿಂಗಳು ಹಿಡಿದ ಕೆಲಸ ಅವರಿಗೆ ಎಷ್ಟೋ ವರ್ಷ ಹಿಡಿಯಿತು. ನಮ್ಮಲ್ಲಿ ಜಪಾನಿಗೆ, ಅಮೆರಿಕಕ್ಕೆ ಕಳಿಸೋಕೆ ಮೊದಲೇ ಕಟ್ಟಿದ ಘಟಕಗಳಿದ್ದವು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಂಥ ಕಡೆ ನೊಣದ ಬಗ್ಗೆ ವರ್ಷಗಳ ಕೆಲಸ ಆಗಿತ್ತು, ಸಸ್ಯ ಕ್ವಾರಂಟೈನ್ ಸಿಬ್ಬಂದಿ ಇದ್ದರು. ಕೀನ್ಯಾದವರು ಬಹಳಷ್ಟನ್ನು ಮೊದಲಿಂದ ಕಟ್ಟಬೇಕಾಯಿತು. ಮಕುಯೇನಿ ಅನ್ನುವ ಜಿಲ್ಲೆಯಲ್ಲಿ ಊರವರನ್ನೆಲ್ಲಾ ಸೇರಿಸಿ, ಬಲೆ ಕಟ್ಟಿಸಿ, ಬಿದ್ದ ಹಣ್ಣು ಆಯಿಸಿ, ನೊಣ ಕಡಿಮೆ ಇರುವ ಪ್ರದೇಶ ಅಂತ ಮಾಡಿದರು. ಇಂಥ ದೇಶಗಳಿಗೆ ನೆರವಾಗೋಕೆ ವಿಶ್ವಬ್ಯಾಂಕ್, ವಿಶ್ವ ವ್ಯಾಪಾರ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವರು ಸೇರಿ ನಡೆಸುವ ಒಂದು ನಿಧಿಯೂ ಇದೆ. ನಿಯಮ ಎಲ್ಲರಿಗೂ ಒಂದೇ ಅಂದಮೇಲೆ ಅದನ್ನು ಪಾಲಿಸುವ ಶಕ್ತಿಯನ್ನೂ ಕೊಡಬೇಕು. ಇಲ್ಲದಿದ್ದರೆ ನಿಯಮ ಬಡವರಿಗೆ ಬರೀ ಗೋಡೆಯಾಗುತ್ತೆ.

ತೋಪಿನಲ್ಲಿ ಈಗ

ಯುರೋಪಿಗೆ ಕಳಿಸಬೇಕು ಅನ್ನುವ ಬೆಳೆಗಾರರು ಈಗ ತೋಟಗಾರಿಕೆ ಇಲಾಖೆಯ ಮೂಲಕ ತೋಟವನ್ನು ನೋಂದಾಯಿಸಬೇಕು. ಅಪೇಡಾದ ಮ್ಯಾಂಗೋನೆಟ್ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ತೋಟಕ್ಕೆ ಒಂದು ಸಂಖ್ಯೆ ಬರುತ್ತೆ. ಪೆಟ್ಟಿಗೆಯಲ್ಲಿ ತೊಂದರೆ ಸಿಕ್ಕರೆ ಆ ಸಂಖ್ಯೆ ಹಿಡಿದು ತೋಟದವರೆಗೆ ಬರಬಹುದು. 2013ರಲ್ಲಿ ಇದು ಗಟ್ಟಿಯಾಗಿ ಇದ್ದಿದ್ದರೆ ಒಬ್ಬರ ತಪ್ಪಿಗೆ ಎಲ್ಲರೂ ಬಾಗಿಲ ಹೊರಗೆ ನಿಲ್ಲಬೇಕಾಗಿರಲಿಲ್ಲ ಅಂತ ನನಗೆ ಅನ್ನಿಸುತ್ತೆ.

ದೊಡ್ಡಪ್ಪ ಇನ್ನೂ ನೋಂದಾಯಿಸಿಲ್ಲ, ಆದರೆ ಬಲೆ ಕಟ್ಟಿದ್ದಾರೆ. ಮೋಹಕ ಬಲೆ. ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೀಥೈಲ್ ಯೂಜಿನಾಲ್ ಕುಡಿಸಿದ ಸಣ್ಣ ಪ್ಲೈವುಡ್ ತುಂಡು. ಆ ವಾಸನೆಗೆ ಗಂಡು ನೊಣ ಬಂದು ಸಾಯುತ್ತೆ, ಹೆಣ್ಣಿಗೆ ಜೋಡಿ ಸಿಗಲ್ಲ. ಕಳೆದ ಸಲ ಹೋದಾಗ ಒಂದು ಡಬ್ಬಿ ಬಿಚ್ಚಿ ಅಂಗೈ ಮೇಲೆ ಸುರಿದು ತೋರಿಸಿದರು. ಹಳದಿ ಕಂದು ನೊಣಗಳು, ರೆಕ್ಕೆ ಗಾಜಿನ ಹಾಗೆ. ಬಿದ್ದ ಹಣ್ಣನ್ನು ದಿನಾ ಆಯಿಸಿ ಗುಂಡಿ ತೋಡಿ ಆಳಕ್ಕೆ ಹೂಳಿಸುತ್ತಾರೆ. ಮಳೆ ಬಂದರೆ ನೊಣ ಜಾಸ್ತಿ, ನಮ್ಮ ಕಡೆ ಕೊಯ್ಲು ತಡ, ಹಾಗಾಗಿ ಮೇ ಕೊನೆ, ಜೂನ್‌ನಲ್ಲಿ ದಿನಾ ಇದೇ ಕೆಲಸ.

ಅವರ ತಕರಾರು ಇನ್ನೊಂದು. "ನಾನೊಬ್ಬ ಕಟ್ಟಿದರೆ ಏನು ಬಂತಪ್ಪಾ, ಪಕ್ಕದ ತೋಪಲ್ಲಿ ಹಣ್ಣು ಕೊಳೀತಾ ಬಿದ್ದಿದೆ, ಬೇಲಿ ನೊಣಕ್ಕೆ ಗೊತ್ತಾ?" ಅಂದರು. ಪಕ್ಕದ ಎರಡು ತೋಪು ಹೂವಿನ ಕಾಲದಲ್ಲೇ ಗುತ್ತಿಗೆಗೆ ಹೋಗಿವೆ. ಗುತ್ತಿಗೆದಾರನಿಗೆ ಮರದಲ್ಲಿರೋ ಕಾಯಿ ಬೇಕು, ನೆಲಕ್ಕೆ ಬಿದ್ದದ್ದು ಅವನ ಲೆಕ್ಕಕ್ಕಿಲ್ಲ. ಬೆಂಗಳೂರಲ್ಲಿರೋ ಮಾಲೀಕರು ವರ್ಷಕ್ಕೆ ಒಂದು ಸಲ ಬಂದರೆ ಹೆಚ್ಚು. ಈ ಸಲ ಸುತ್ತಲಿನ ಬೆಳೆಗಾರರು ಸೇರಿ ಆ ಇಬ್ಬರು ಮಾಲೀಕರಿಗೆ ಫೋನ್ ಮಾಡಿದ್ದಾರೆ. ಬಲೆ ನಾವೇ ಕಟ್ಟುತ್ತೇವೆ, ಖರ್ಚೂ ನಮ್ಮದೇ, ಬಿದ್ದ ಹಣ್ಣು ಆಯೋಕೆ ಗೇಟಿನ ಬೀಗದ ಕೈ ಒಂದು ಕೊಡಿ ಅಂತ. ಒಬ್ಬರು ಕೊಟ್ಟಿದ್ದಾರೆ. ಇನ್ನೊಬ್ಬರನ್ನು ಕೇಳೋಕೆ ಬರುವ ಭಾನುವಾರ ದೊಡ್ಡಪ್ಪನ ಜೊತೆ ನಾನೂ ಹೋಗುತ್ತಿದ್ದೇನೆ.